ಸ್ಥಿರ ವಿಳಾಸದ ಗಣಕಯಂತ್ರ: ದೋಷಪರೀಕ್ಷೆಯ ಕ್ರಮ

ಪದ್ಯಕ್ಕೆ ಅರ್ಥ ಹೇಳುವಾಗ ಮೊದಲು ಪದಚ್ಛೇದ, ಅನಂತರ ಅನ್ವಯ, ಕೊನೆಗೆ ತಾತ್ಪರ್ಯ ಎಂಬ ಕ್ರಮವುಂಟು. ಪದಚ್ಛೇದವೇ ತಪ್ಪಿದರೆ ತಾತ್ಪರ್ಯವು ಎಷ್ಟು ಸೊಗಸಾಗಿದ್ದರೂ ನಿಲ್ಲದು. ಗಣಕಜಾಲದ ದೋಷವನ್ನು ಅರಸುವವರಿಗೂ ಇಂತಹುದೇ ಕ್ರಮನಿಷ್ಠೆ ಬೇಕು. ಅಂಕಪಟ್ಟಿ, ದಾಖಲಾತಿ, ಗ್ರಂಥಾಲಯದ ಸೂಚಿ ಇವೆಲ್ಲವೂ ಒಂದು ಸರ್ವರ್ ಯಂತ್ರದಲ್ಲಿ ಅಡಕವಾಗಿರುವ ಈ ಕಾಲದಲ್ಲಿ ಆ ಯಂತ್ರವು ಜಾಲದಿಂದ ಕಡಿದುಹೋದರೆ ಶಾಲಾ ಕಚೇರಿಯ ಕೆಲಸವೇ ನಿಲ್ಲುತ್ತದೆ. ಆಗ ಗಾಬರಿಗೊಂಡು ಇಡೀ ವ್ಯವಸ್ಥೆಯನ್ನು ಅಳಿಸಿ ಹೊಸದಾಗಿ ಸ್ಥಾಪಿಸಹೊರಟರೆ, ಅಲ್ಪದೋಷಕ್ಕಾಗಿ ವರ್ಷಗಳ ದಾಖಲೆಗಳನ್ನು ಕಳೆದುಕೊಂಡಂತಾದೀತು. ಇದೇ ಪ್ರಕೃತ ಲೇಖನಕ್ಕೆ ಪ್ರೇರಣೆ.

ಯುನಿಕ್ಸ್ ವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲಾಯಿತು. ಅದರ ಮಾದರಿಯಲ್ಲಿ ಲೈನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಲಿನಕ್ಸ್ ಅನ್ನು ಹೊರತಂದರು. 1993ರಲ್ಲಿ ಆರಂಭವಾದ ಡೆಬಿಯನ್ ಅದರ ಒಂದು ಪ್ರಸಿದ್ಧ ವಿತರಣೆ. ಅದನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಜಾಲದ ಯಂತ್ರಗಳಿಗೆ ವಿಳಾಸವು ತಾನಾಗಿ ದೊರೆಯಬಹುದು. ಇಲ್ಲವೆ ನಾವೇ ಬರೆದಿಡಬಹುದು. ಬರೆದಿಟ್ಟುದು ಸ್ಥಿರವಿಳಾಸ. ಅದಕ್ಕೆ ಅಂಗಗಳು ನಾಲ್ಕು: ವಿಳಾಸ, ಜಾಲದ ಎಲ್ಲೆಯನ್ನು ತಿಳಿಸುವ ಮಾಸ್ಕ್, ಹೊರದಾರಿಯಾದ ಗೇಟ್‌ವೇ ಮತ್ತು ಹೆಸರನ್ನು ಅಂಕೆಗೆ ತಿರುಗಿಸುವ ನಾಮಸೇವಕ. ನಮ್ಮ ಯಂತ್ರದ ವಿಳಾಸ 192.168.10.25, ಮಾಸ್ಕ್ 255.255.255.0, ಗೇಟ್‌ವೇ 192.168.10.1 ಎಂದಿಟ್ಟುಕೊಳ್ಳೋಣ.

ಮೊದಲನೆಯದು ತಂತಿಯ ಪರೀಕ್ಷೆ. 'ಐಪಿ ಲಿಂಕ್' ಎಂಬ ಆಜ್ಞೆಗೆ 'ನೋ ಕ್ಯಾರಿಯರ್' ಎಂಬ ಉತ್ತರ ಬಂದರೆ ದೋಷವು ಕೇಬಲಿನಲ್ಲಿಯೋ ಸ್ವಿಚ್ಚಿನಲ್ಲಿಯೋ ಇರುವುದು. ಕಡತಗಳನ್ನು ತಿದ್ದಿ ಫಲವಿಲ್ಲ.

ಎರಡನೆಯದು ವಿಳಾಸ. 'ಐಪಿ ಅಡ್ರೆಸ್' ಆಜ್ಞೆಯು ವಿಳಾಸವನ್ನೇ ತೋರದಿದ್ದರೆ, 'ಇಂಟರ್‌ಫೇಸಸ್' ಕಡತದಲ್ಲಿ ಬರೆದ ಜಾಲಕಾರ್ಡಿನ ಹೆಸರನ್ನು ಯಂತ್ರವು ತೋರುವ ಹೆಸರಿನೊಡನೆ ಹೋಲಿಸಬೇಕು. 2017ರಲ್ಲಿ ಬಂದ ಡೆಬಿಯನ್ 9ರಿಂದ ಹೊಸ ಸ್ಥಾಪನೆಗಳಲ್ಲಿ 'ಇಟಿಎಚ್0' ಎಂಬ ಹಳೆಯ ಹೆಸರಿಗೆ ಬದಲಾಗಿ 'ಇಎನ್‌ಪಿ3ಎಸ್0' ಎಂಬಂತಹ, ಕಾರ್ಡು ಕುಳಿತ ಸ್ಥಾನವನ್ನು ಸೂಚಿಸುವ ಹೆಸರುಗಳು ಬಂದಿವೆ. ಹೆಸರು ತಪ್ಪಿದರೆ ಉಳಿದುದೆಲ್ಲವೂ ಸರಿಯಿದ್ದರೂ ವ್ಯರ್ಥ.

ಮಾಸ್ಕಿನ ದೋಷವು ಇನ್ನೂ ಸೂಕ್ಷ್ಮವಾದುದು. 255.255.255.0 ಎಂಬಲ್ಲಿ 255.255.0.0 ಎಂದು ಬರೆದರೆ ನೆರೆಯ ಯಂತ್ರಗಳೂ ಹೊರಗಿನ ಇಂಟರ್‌ನೆಟ್ಟೂ ಸಾಮಾನ್ಯವಾಗಿ ದೊರೆಯುತ್ತವೆ. ಆದರೆ ಇನ್ನೊಂದು ಕಟ್ಟಡದ 192.168.20.7 ಮಾತ್ರ ದೊರೆಯದು. ಅದನ್ನೂ ನೆರೆಯೆಂದೇ ಬಗೆದು ಯಂತ್ರವು ಗೇಟ್‌ವೇಗೆ ಒಪ್ಪಿಸದೆ ನೇರವಾಗಿ ಕೂಗುತ್ತದೆ, ಓಗೊಡುವವರು ಅಲ್ಲಿಲ್ಲ.

ಮೂರನೆಯದು ದಾರಿ. 'ಐಪಿ ರೂಟ್' ಆಜ್ಞೆಯು 'ಡಿಫಾಲ್ಟ್' ಎಂಬ ಸಾಲನ್ನು ತೋರಬೇಕು. ಗೇಟ್‌ವೇ ನಮ್ಮ ಎಲ್ಲೆಯೊಳಗೇ ಇರತಕ್ಕದ್ದು. 192.168.1.1 ಎಂದು ಬರೆದರೆ ವ್ಯವಸ್ಥೆಯು ಅದನ್ನು ಒಪ್ಪುವುದಿಲ್ಲ. ಬಳಿಕ 'ಪಿಂಗ್' ಆಜ್ಞೆಯಿಂದ ಮೊದಲು ಗೇಟ್‌ವೇಯನ್ನು, ಅನಂತರ 8.8.8.8ರಂತಹ ಹೊರವಿಳಾಸವನ್ನು ವಿಚಾರಿಸಬೇಕು. ಇದು ಮೈಕ್ ಮೂಸ್ ಅವರು 1983ರಲ್ಲಿ ರಚಿಸಿದ ಉಪಕರಣ. ಕೆಲವು ಗೇಟ್‌ವೇಗಳು ಪಿಂಗ್‌ಗೆ ಉತ್ತರಿಸದಂತೆ ವಿಧಿಸಲ್ಪಟ್ಟಿರುವುದರಿಂದ ಮೌನವೊಂದನ್ನೇ ದೋಷವೆಂದು ನಿರ್ಣಯಿಸಲಾಗದು.

ನಾಲ್ಕನೆಯದು ಹೆಸರು. ಅಂಕೆಯ ವಿಳಾಸ ದೊರೆತು ಹೆಸರಿನ ವಿಳಾಸ ದೊರೆಯದಿದ್ದರೆ ದಾರಿಯಲ್ಲಿ ದೋಷವಿಲ್ಲ, ನಿಘಂಟಿನಲ್ಲಿದೆ. 'ರಿಸಾಲ್ವ್.ಕಾನ್ಫ್' ಕಡತದ 'ನೇಮ್‌ಸರ್ವರ್' ಎಂಬ ಸಾಲನ್ನು ಪರಿಶೀಲಿಸಬೇಕು. ನಾವು ತಿದ್ದಿದುದನ್ನು ಬೇರೊಂದು ಕಾರ್ಯಕ್ರಮವು ಪುನಃ ಬರೆಯುವುದೂ ಉಂಟಾದ್ದರಿಂದ, ಜಾಲದ ಆಡಳಿತವನ್ನು ಒಂದೇ ಕಾರ್ಯಕ್ರಮಕ್ಕೆ ಒಪ್ಪಿಸುವುದು ಲೇಸು.

ಸಂಪರ್ಕವು ಒಮ್ಮೆ ಇದ್ದು ಒಮ್ಮೆ ಇಲ್ಲವಾಗುತ್ತಿದ್ದರೆ ಒಂದೇ ವಿಳಾಸಕ್ಕೆ ಇಬ್ಬರು ಒಡೆಯರಿರುವರೇ ಎಂದು ಶಂಕಿಸಬೇಕು. ತಾನಾಗಿ ಹಂಚಲ್ಪಡುವ ವಿಳಾಸಗಳ ಸಾಲಿನಿಂದಲೇ ಸ್ಥಿರವಿಳಾಸವನ್ನು ಆಯ್ದಾಗ ಹೀಗಾಗುವುದುಂಟು. ಆ ಸಾಲಿನ ಹೊರಗಿನ ವಿಳಾಸವನ್ನು ಆರಿಸುವುದೇ ಪರಿಹಾರ.

'ಐಪಿ' ಆಜ್ಞೆಯಿಂದ ಮಾಡಿದ ತಿದ್ದುಪಡಿಯು ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅಳಿದುಹೋಗುತ್ತದೆ. ಕಡತದಲ್ಲಿ ಬರೆದುದೇ ಉಳಿಯುವುದು. ತಿದ್ದುವ ಮುನ್ನ ಹಳೆಯ ಕಡತದ ಪ್ರತಿಯೊಂದನ್ನು ತೆಗೆದಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸಬೇಕು. ಪ್ರತಿ ಯಂತ್ರದ ವಿಳಾಸವನ್ನು ಶಾಲೆಯ ಒಂದು ದಪ್ತರದಲ್ಲಿ ದಾಖಲಿಸಿಟ್ಟರೆ ಮುಂದೆ ಆ ಸ್ಥಾನಕ್ಕೆ ಬರುವ ಅಧ್ಯಾಪಕರು ಕತ್ತಲಲ್ಲಿ ತಡಕಾಡಬೇಕಾಗಿಲ್ಲ.