ಬಿತ್ತದೆ ಬೆಳೆಯುವ ಸೊಪ್ಪುಗಳು

ಮಳೆ ಹಿಡಿದು ಕೆಲವು ವಾರಗಳು ಕಳೆಯುವಷ್ಟರಲ್ಲಿ ಯಾರೂ ಬಿತ್ತದ, ಯಾರೂ ನೀರೆರೆಯದ ಸೊಪ್ಪುಗಳು ನಮ್ಮ ಹೊಲಗಳ ಬದುಗಳಲ್ಲಿಯೂ ಹಿತ್ತಿಲುಗಳಲ್ಲಿಯೂ ತಾವಾಗಿಯೇ ಹುಟ್ಟುತ್ತವೆ. ಮೈಸೂರು ಸೀಮೆಯ ಸ್ತ್ರೀಯರು ಅಣ್ಣೆ, ಹೊನಗೊನ್ನೆ, ಗೋಣಿ, ಗಣಿಕೆ ಮುಂತಾದವುಗಳನ್ನು ಒಟ್ಟಿಗೆ ಕೊಯ್ದು ಬೆರಕೆಸೊಪ್ಪೆಂದು ಕರೆಯುತ್ತಾರೆ. ತುಳು ನಾಡಿನವರು ಆಟಿ ತಿಂಗಳಲ್ಲಿ ತಜಂಕಿನ ಚಿಗುರೆಲೆಗಳನ್ನು ಅಡಿಗೆಗೆ ತರುತ್ತಾರೆ. ಆದರೆ ಇದು ಬಡವರ ತಿನಿಸೆಂದು ನಾಚಿ, ಕಾಲಬುಡದ ಸೊಪ್ಪನ್ನು ತುಳಿದು, ಪೇಟೆಯ ಎಲೆಕೋಸಿಗೆ ಹಣ ಕೊಡುವವರೂ ನಮ್ಮಲ್ಲಿ ಉಂಟು. ಇದು ಬುದ್ಧಿಯ ಕಾರ್ಯವೋ ಎಂಬದನ್ನು ವಿಚಾರಿಸೋಣ.

2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 15ರಿಂದ 49 ವರುಷದ ಸ್ತ್ರೀಯರೊಳಗೆ ನೂರಕ್ಕೆ 57 ಮಂದಿಗೂ, ಆರು ತಿಂಗಳು ತುಂಬಿದ ಐದು ವರುಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೂ ರಕ್ತಹೀನತೆ ಇತ್ತು. ಇದಕ್ಕೆ ಒಂದು ಮುಖ್ಯ ಕಾರಣ ಆಹಾರದಲ್ಲಿ ಕಬ್ಬಿಣದ ಅಂಶವು ಸಾಲದೆ ಇರುವದೇ. ಕಡುಹಸುರಾದ ಸೊಪ್ಪುಗಳಲ್ಲಿ ಈ ಅಂಶವೂ, ಎಲುಬಿಗೆ ಬೇಕಾದ ಸುಣ್ಣದ ಅಂಶವೂ ಎಲೆಕೋಸಿಗಿಂತ ಹೆಚ್ಚಾಗಿವೆ. ಅವುಗಳಲ್ಲಿರುವ ಕ್ಯಾರೊಟಿನ್ ನಮ್ಮ ದೇಹದಲ್ಲಿ ಎ ವಿಟಮಿನ್ ಆಗಿ ಮಾರ್ಪಡುತ್ತದೆ. ಅದರ ಕೊರತೆಯಿಂದ ಇರುಳುಗಣ್ಣು ಬರುತ್ತದೆ.

ಆದರೂ ಸೊಪ್ಪನ್ನು ತಿಂದ ಮಾತ್ರಕ್ಕೆ ಅದರ ಸಾರವೆಲ್ಲಾ ರಕ್ತಕ್ಕೆ ಸೇರುವದಿಲ್ಲ. ಸೊಪ್ಪಿನ ಕಬ್ಬಿಣವನ್ನು ದೇಹವು ಸ್ವಲ್ಪವಾಗಿಯೇ ಹೀರಿಕೊಳ್ಳುತ್ತದೆ. ಆದಕಾರಣ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆಯ ರಸ ಹಿಂಡಬೇಕು. ಅದರ ಸಿ ವಿಟಮಿನ್ ಕಬ್ಬಿಣವನ್ನು ಹೀರುವದಕ್ಕೆ ಸಹಾಯವಾಗುತ್ತದೆ. ಊಟದ ಸಂಗಡ ಚಹಾ ಕುಡಿಯುವದು ಅದನ್ನು ತಡೆಯುತ್ತದೆ. ಒಗ್ಗರಣೆಗೆ ಸ್ವಲ್ಪ ಎಣ್ಣೆ ಹಾಕಿದರೆ ಕ್ಯಾರೊಟಿನ್ ಚೆನ್ನಾಗಿ ದೇಹಗತವಾಗುತ್ತದೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಹಿರಿಯರ ಪದ್ಧತಿಯಿಂದ, ನೀರಿಗೆ ಇಳಿದ ಸತ್ವವೂ ಊಟಕ್ಕೆ ಒದಗುತ್ತದೆ. ಆದರೆ ಮೂತ್ರಕಲ್ಲಿನ ಬಾಧೆಯುಳ್ಳವರು ವೈದ್ಯರನ್ನು ಕೇಳಿ ತಿನ್ನತಕ್ಕದ್ದು. ಯಾಕಂದರೆ ಗೋಣಿಸೊಪ್ಪು ಮುಂತಾದವುಗಳಲ್ಲಿ ಆಕ್ಸಲೇಟ್ ಎಂಬ ಅಂಶವು ಹೆಚ್ಚು, ಬೇಯಿಸಿದಾಗ ಅದೂ ನೀರಿಗೆ ಇಳಿಯುತ್ತದೆ.

ಇನ್ನು ಕೆಲವು ಎಚ್ಚರಿಕೆಗಳು. ಗುರುತು ತಿಳಿಯದ ಸೊಪ್ಪನ್ನು ಎಂದಿಗೂ ಬಾಯಿಗೆ ಹಾಕಬಾರದು. ಗಣಿಕೆಯ ಹಸುರು ಕಾಯಿ ವಿಷವುಳ್ಳದ್ದು, ಮಕ್ಕಳು ತಿನ್ನದಂತೆ ನೋಡಿಕೊಳ್ಳಬೇಕು. ಚರಂಡಿಯ ಬದಿಯಲ್ಲಿಯೂ, ಔಷಧ ಹೊಡೆದ ಹೊಲದಲ್ಲಿಯೂ ಬೆಳೆದದ್ದನ್ನು ಕೊಯ್ಯಬಾರದು. ಗರ್ಭಿಣಿಯರು ಸೊಪ್ಪು ತಿನ್ನುತ್ತೇವೆಂದು ಆಸ್ಪತ್ರೆಯವರು ಕೊಡುವ ಕಬ್ಬಿಣದ ಮಾತ್ರೆಗಳನ್ನು ಬಿಡಬಾರದು; ಎರಡೂ ಬೇಕು.

ಕಡೆಗೆ ಒಂದು ಮಾತು. ಬದುವಿಗೆಲ್ಲಾ ಕಳೆನಾಶಕ ಹೊಡೆಯುವಾಗ ಹುಲ್ಲಿನ ಸಂಗಡ ಈ ಸೊಪ್ಪುಗಳೂ ಸಾಯುತ್ತವೆ. ಅವುಗಳನ್ನು ಗುರುತಿಸಬಲ್ಲ ಅಜ್ಜಿಯಂದಿರು ಕಣ್ಮರೆಯಾದ ಮೇಲೆ ಆ ತಿಳುವಳಿಕೆಯನ್ನು ಯಾವ ಅಂಗಡಿಯಲ್ಲಿ ಕೊಂಡುಕೊಳ್ಳುವೆವು? ಆದದರಿಂದ ಒಂದು ಬದುವನ್ನಾದರೂ ಹಾಗೆಯೇ ಉಳಿಸೋಣ. ಈ ಮಳೆಗಾಲದಲ್ಲಿಯೇ ನಮ್ಮ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಅಜ್ಜಿಯ ಸಂಗಡ ಹೊಲಕ್ಕೆ ಕಳುಹಿಸಿ, ಒಂದೊಂದು ಎಲೆಯ ಹೆಸರನ್ನೂ ಕಲಿಯಮಾಡೋಣ.