ಗಿಡ್ಡ ಗೋಧಿ, ಗಾಜಿನ ಬಟ್ಟಲು

ಪ್ರಶ್ನೆ: ನಮ್ಮೂರ ಕಡೆ ಕಬ್ಬಿನ ಅಂಗಾಂಶ ಕೃಷಿ ಸಸಿಗಳನ್ನು ನೋಡಿದ್ದೇನೆ. ಗೋಧಿಗೂ ಹೀಗೆ ಮಾಡುತ್ತಾರಂತೆ. ಗೋಧಿಯನ್ನು ಗಿಡ್ಡ ಮಾಡಿದ ಜೀನ್ ಪ್ರಯೋಗಾಲಯದಲ್ಲೂ ಬೆಳವಣಿಗೆ ತಡೆಯುತ್ತದೆಯೇ?
– ಓದುಗರೊಬ್ಬರು, ಅನಕಾಪಲ್ಲಿ

ಉತ್ತರ: ಜೀನಿನ ಪ್ರಭಾವ ಬಟ್ಟಲಿನೊಳಗೂ ಇರುತ್ತದೆ. ಆದರೆ ಗಿಡ್ಡ ತಳಿಯಾದ ಮಾತ್ರಕ್ಕೆ ಅಂಗಾಂಶ ಕೃಷಿಗೆ ಒಗ್ಗದು ಎನ್ನಲಾಗದು.

1913ರಿಂದ ಕಬ್ಬಿನ ಸಂಶೋಧನೆ ನಡೆದಿರುವ ಊರು ನಿಮ್ಮದು. ಕಬ್ಬಿನಲ್ಲಿ ರೋಗವಿಲ್ಲದ ಸಸಿಗಳನ್ನು ಹೆಚ್ಚಿಸಿಕೊಳ್ಳಲು ಅಂಗಾಂಶ ಕೃಷಿ ಬೇಕು. ಗೋಧಿಗೆ ಕಾಳೇ ಬೀಜ, ಅಲ್ಲಿ ಉದ್ದೇಶವೇ ಬೇರೆ: ಗೋಧಿ ಹೂವಿಗೆ ಮೆಕ್ಕೆಜೋಳದ ಪರಾಗ ಹಾಕಿದಾಗ ಕಟ್ಟುವ ದುರ್ಬಲ ಭ್ರೂಣವನ್ನು ಉಳಿಸಿಕೊಳ್ಳುವುದು, ಇಲ್ಲವೇ ಹೊಸ ಜೀನ್ ಸೇರಿಸಿದ ಜೀವಕೋಶದಿಂದ ಇಡೀ ಗಿಡ ಎಬ್ಬಿಸುವುದು. ಈ ಎರಡನೆಯದೇ ಕಷ್ಟದ ಕೆಲಸ.

ಗಿಡ್ಡತನದ ಪ್ರಸಿದ್ಧ ಜೀನ್‌ಗಳು ಎರಡು, ಆರ್‌ಎಚ್‌ಟಿ-ಬಿ1ಬಿ ಮತ್ತು ಆರ್‌ಎಚ್‌ಟಿ-ಡಿ1ಬಿ. ಜಪಾನಿನಲ್ಲಿ 1935ರಲ್ಲಿ ಬಿಡುಗಡೆಯಾದ ನೋರಿನ್ 10 ತಳಿಯಿಂದ ಅಮೆರಿಕ, ಮೆಕ್ಸಿಕೊ ದಾಟಿ 1960ರ ದಶಕದಲ್ಲಿ ಭಾರತಕ್ಕೆ ಬಂದವು. ಅವು ಮಾಡುವುದೇನೆಂದು 1999ರಲ್ಲಿ ತಿಳಿಯಿತು. ಡೆಲ್ಲಾ ಎಂಬ ಪ್ರೋಟೀನು ಬೆಳವಣಿಗೆಗೆ ಹಾಕಿದ ಬ್ರೇಕು. ಜಿಬ್ಬರೆಲಿನ್ ಹಾರ್ಮೋನು ಬಂದರೆ ಅದು ತೆಗೆದುಹೋಗುತ್ತದೆ. ಗಿಡ್ಡ ಗೋಧಿಯಲ್ಲಿ ಈ ಪ್ರೋಟೀನಿನ ರೂಪ ಬದಲಾಗಿರುವುದರಿಂದ ಹಾರ್ಮೋನು ಬಂದರೂ ಬ್ರೇಕು ಸಡಿಲವಾಗುವುದಿಲ್ಲ. ಬಟ್ಟಲಿನಲ್ಲಿಟ್ಟ ಜೀವಕೋಶದಲ್ಲೂ ಇದೇ ಜೀನ್ ಇರುತ್ತದೆಯಲ್ಲವೆ?

ಇದ್ದೇ ಇರುತ್ತದೆ. ಆದರೆ ಎಳೆಯ ಭ್ರೂಣವನ್ನು ಕ್ಯಾಲಸ್ ಎಂಬ ಮುದ್ದೆಯಾಗಿಸುವುದು ಮುಖ್ಯವಾಗಿ 2,4-ಡಿ ಎಂಬ ಇನ್ನೊಂದು ಹಾರ್ಮೋನು, ಆಕ್ಸಿನ್ ಜಾತಿಯದು. ಕ್ಯಾಲಸ್ ಎಷ್ಟು ಉಬ್ಬುತ್ತದೆ, ಅದರಿಂದ ಚಿಗುರು ಎಷ್ಟು ಏಳುತ್ತದೆ ಎನ್ನುವುದನ್ನು ಹಲವು ಜೀನ್‌ಗಳು ಕೂಡಿ ತೀರ್ಮಾನಿಸುತ್ತವೆ. ಪ್ರಯೋಗಾಲಯಗಳಿಗೆ ಅಚ್ಚುಮೆಚ್ಚಿನ ಬಾಬ್‌ವೈಟ್ ಗೋಧಿ ಅರೆ ಗಿಡ್ಡ ತಳಿಯೇ.

ನನಗೆ ಬಹಳ ಹಿಡಿಸಿದ ಸಂಗತಿ ಮುಂದಿದೆ. ಡೆಲ್ಲಾ ತಡೆಹಿಡಿಯುವ ಪ್ರೋಟೀನುಗಳಲ್ಲಿ ಜಿಆರ್‌ಎಫ್4 ಒಂದು ಎಂದು 2018ರಲ್ಲಿ ಭತ್ತದಲ್ಲಿ ಕಂಡುಬಂತು. 2020ರಲ್ಲಿ ಅದೇ ಜಿಆರ್‌ಎಫ್4 ಅನ್ನು ಅದರ ಜೊತೆಗಾರ ಪ್ರೋಟೀನು ಜಿಐಎಫ್1ಗೆ ಜೋಡಿಸಿ ಗೋಧಿಗೆ ಸೇರಿಸಿದಾಗ ಚಿಗುರೊಡೆಯುವ ಪ್ರಮಾಣ ಬಹಳ ಹೆಚ್ಚಿತು. ಗಿಡ್ಡತನಕ್ಕೂ ಚಿಗುರುವ ಶಕ್ತಿಗೂ ಒಳದಾರಿಯಲ್ಲಿ ನಂಟಿದೆ ಎಂದು ನಾನು ಭಾವಿಸುವುದು ಇದರಿಂದಲೇ.

ಇದನ್ನು ಪರೀಕ್ಷಿಸಲು ಕರ್ನಾಟಕದಲ್ಲೇ ಒಳ್ಳೆಯ ಬೆಳೆಯಿದೆ: ಉತ್ತರ ಕರ್ನಾಟಕದ ಸದಕ, ಅಂದರೆ ಜವೆ ಗೋಧಿ. ಹಳೆಯ ಎತ್ತರದ ತಳಿಗಳು ನೆಲಕ್ಕೊರಗುತ್ತಿದ್ದವು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029ರಂಥ ಅರೆ ಗಿಡ್ಡ ತಳಿಗಳನ್ನು ಕೊಟ್ಟಿತು. ಸದಕಕ್ಕೆ ಡಿ ಎಂಬ ವರ್ಣತಂತುಗಳ ಗುಂಪೇ (ಜೀನೋಮ್) ಇಲ್ಲ, ಹಾಗಾಗಿ ಆರ್‌ಎಚ್‌ಟಿ-ಡಿ1ರ ಪ್ರಶ್ನೆಯೇ ಏಳದು. ಆದರೆ ಎತ್ತರದ ತಳಿಯೊಂದು, ಗಿಡ್ಡ ತಳಿಯೊಂದು ತಂದು ಬಟ್ಟಲಿಗಿಟ್ಟರೆ ಉತ್ತರ ಸಿಗದು. ಗಿಡ್ಡತನದ ಆ ಒಂದು ಜೀನ್ ಬಿಟ್ಟು ಉಳಿದೆಲ್ಲ ಒಂದೇ ಆಗಿರುವ ಜೋಡಿ ಸಾಲುಗಳನ್ನು ಮೊದಲು ಬೆಳೆಸಿಕೊಳ್ಳಬೇಕು. ತಳಿಶಾಸ್ತ್ರ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಈ ಕೆಲಸ ಕೈಗೆತ್ತಿಕೊಳ್ಳಲಿ.