ಘರ್ಷಣ ವಿದ್ಯುತ್ತು: ಮನೆಯಲ್ಲಿ ಮಾಡಿನೋಡತಕ್ಕ ಕೆಲವು ಪ್ರಯೋಗಗಳು

ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ಓದುವ ಈ ಸಂಚಿಕೆಗೆ ವಿಜ್ಞಾನದ ಒಂದು ಪಾಠವನ್ನು ಬರೆದುಕೊಡಬೇಕೆಂದು ನಮ್ಮನ್ನು ಕೇಳಿಕೊಂಡಾಗ, ಎಲ್ಲರ ಮನೆಗಳಲ್ಲಿಯೂ ಸಾಮಗ್ರಿ ದೊರೆಯುವಂಥ, ಹಣದ ವೆಚ್ಚವಿಲ್ಲದಂಥ ವಿಷಯವನ್ನೇ ಆರಿಸಿಕೊಳ್ಳುವುದು ಲೇಸೆಂದು ನಮಗೆ ತೋರಿತು. ಒಂದು ಪ್ಲಾಸ್ಟಿಕ್ ಬಾಚಣಿಗೆ, ಪ್ಲಾಸ್ಟಿಕ್ಕಿನ ಎರಡು ಅಳತೆಪಟ್ಟಿಗಳು, ಒಂದು ತುಂಡು ಉಣ್ಣೆಯ ಬಟ್ಟೆ, ಕಾಗದದ ಚೂರುಗಳು, ನೂಲು, ರೇಷ್ಮೆಯ ದಾರ, ಸ್ವಲ್ಪ ತಾಮ್ರದ ತಂತಿ, ಒಂದು ಗಾಜಿನ ಸೀಸೆ, ಇಷ್ಟಿದ್ದರೆ ಈ ಪಾಠಕ್ಕೆ ಸಾಕು. ಓದಿ ತಿಳಿಯುವುದಕ್ಕಿಂತ ಮಾಡಿ ತಿಳಿಯುವುದೇ ಇದರ ಉದ್ದೇಶವಾಗಿದೆ.

ಕೆಲವು ವಸ್ತುಗಳನ್ನು ಉಜ್ಜಿದಾಗ ಅವುಗಳಲ್ಲಿ ಹಗುರವಾದ ಪದಾರ್ಥಗಳನ್ನು ಸೆಳೆಯುವ ಗುಣವು ಹುಟ್ಟುವುದೆಂಬ ಸಂಗತಿಯನ್ನು ಜನರು ಬಹು ಪ್ರಾಚೀನ ಕಾಲದಿಂದಲೂ ಬಲ್ಲರು. ಮರದ ಅಂಟು ನೆಲದಲ್ಲಿ ಹುದುಗಿ ಬಹುಕಾಲದ ಮೇಲೆ ಕಲ್ಲಿನಂತಾದ ಹಳದಿ ಪದಾರ್ಥವೊಂದುಂಟು. ಹುಲ್ಲುಕಡ್ಡಿಯನ್ನು ಸೆಳೆಯುವ ಮಣಿಯೆಂಬ ಅರ್ಥದಲ್ಲಿ ಸಂಸ್ಕೃತದಲ್ಲಿ ಅದನ್ನು ತೃಣಮಣಿಯೆಂದು ಕರೆದರು. ಗ್ರೀಕರು ಅದನ್ನೇ ಎಲೆಕ್ಟ್ರಾನ್ ಎಂದರು. ಇಂಗ್ಲಿಷಿನ ಎಲೆಕ್ಟ್ರಿಸಿಟಿ ಎಂಬ ಮಾತಿಗೆ ಇದೇ ಮೂಲವು. 1600ರಲ್ಲಿ ಇಂಗ್ಲೆಂಡಿನ ವೈದ್ಯನಾದ ವಿಲಿಯಂ ಗಿಲ್ಬರ್ಟನು, ಈ ಗುಣವು ತೃಣಮಣಿಯೊಂದಕ್ಕೇ ಸೇರಿದುದಲ್ಲ, ಗಾಜು, ಗಂಧಕ ಮುಂತಾದ ಇತರ ಪದಾರ್ಥಗಳಲ್ಲಿಯೂ ಉಂಟೆಂದು ಪ್ರಯೋಗಗಳಿಂದ ತೋರಿಸಿಕೊಟ್ಟನು.

ಮೊದಲನೆಯ ಪ್ರಯೋಗ. ಬಾಚಣಿಗೆಯಿಂದ ಒಣಕೂದಲನ್ನು ಹತ್ತು ಹನ್ನೆರಡು ಸಲ ಬಾಚಿರಿ. ದಿನವೂ ಎಣ್ಣೆ ಹಚ್ಚಿ ಜಡೆ ಹೆಣೆದುಕೊಳ್ಳುವ ನಮ್ಮ ಹುಡುಗಿಯರ ಕೂದಲಿನಲ್ಲಿ ಇದು ಚೆನ್ನಾಗಿ ನಡೆಯದಾದುದರಿಂದ, ಬಾಚಣಿಗೆಯನ್ನು ಉಣ್ಣೆಯ ಬಟ್ಟೆಯಿಂದ ಉಜ್ಜಿದರೂ ಆಗುವುದು. ಅದನ್ನು ಸಣ್ಣ ಕಾಗದದ ಚೂರುಗಳ ಮೇಲೆ ಒಂದು ಬೆರಳಗಲದಷ್ಟು ಎತ್ತರದಲ್ಲಿ ಹಿಡಿದರೆ, ಚೂರುಗಳು ಎದ್ದು ಹಾರಿ ಬಾಚಣಿಗೆಗೆ ಅಂಟಿಕೊಳ್ಳುವುವು. ಇಷ್ಟನ್ನು ಎಲ್ಲರೂ ಕಂಡಿರುವರು. ಆದರೆ ಅಲ್ಲಿಗೇ ನಿಲ್ಲಿಸದೆ ಇನ್ನೂ ಸ್ವಲ್ಪ ಹೊತ್ತು ನೋಡುತ್ತಿದ್ದರೆ, ಅಂಟಿದ ಚೂರುಗಳಲ್ಲಿ ಕೆಲವು ತಟ್ಟನೆ ದೂರ ಚಿಮ್ಮುವುದು ಕಂಡುಬರುವುದು. ಸೆಳೆದ ಬಾಚಣಿಗೆಯೇ ಮರುಗಳಿಗೆಯಲ್ಲಿ ತಳ್ಳುವುದೇಕೆ? ಈ ಪ್ರಶ್ನೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕರಾವಳಿಯ ಒಂದು ಆಷಾಢದ ದಿನ, ಹೊರಗೆ ಎಡೆಬಿಡದೆ ಮಳೆ ಸುರಿಯುತ್ತಿರುವಾಗ, ನಾವು ತರಗತಿಯಲ್ಲಿ ಇದೇ ಪ್ರಯೋಗವನ್ನು ಮಾಡಿಸಿದೆವು. ಎಷ್ಟು ಉಜ್ಜಿದರೂ ಒಂದು ಚೂರಾದರೂ ಅಲುಗಲಿಲ್ಲ. ಪಾಠವು ಮುಂದೆ ಸಾಗಬೇಕಾದುದರಿಂದ, ಪ್ರಯೋಗದ ವಿವರವನ್ನು ಬರೆದು ತರುವಂತೆ ಹೇಳಿ ಮುಗಿಸಿದೆವು. ಮರುದಿನ ಪುಸ್ತಕಗಳನ್ನು ತಿದ್ದುವಾಗ, ಒಂದು ಪುಸ್ತಕದ ಹೊರತು ಮಿಕ್ಕ ಎಲ್ಲದರಲ್ಲಿಯೂ ‘ಬಾಚಣಿಗೆಯು ಕಾಗದದ ಚೂರುಗಳನ್ನು ಆಕರ್ಷಿಸಿತು’ ಎಂದು ಅಂದವಾಗಿ ಬರೆದಿತ್ತು. ಆ ಒಂದು ಪುಸ್ತಕದಲ್ಲಿ ಮಾತ್ರ ‘ಕಾಗದವು ಅಲುಗಲಿಲ್ಲ’ ಎಂದಿತ್ತು. ನಾವು ಅಭ್ಯಾಸಬಲದಿಂದ ಅದರ ಮೇಲೆ ಕೆಂಪು ಗೆರೆ ಎಳೆದುಬಿಟ್ಟೆವು. ಎಳೆದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಕಂಡುದನ್ನು ಬರೆದವಳಿಗೆ ತಪ್ಪಿನ ಗುರುತು, ಕಾಣದುದನ್ನು ಬರೆದವರಿಗೆ ಸರಿಯ ಗುರುತು ಕೊಟ್ಟಂತಾಯಿತಲ್ಲವೆ?

ಮರುದಿನ ಎಲ್ಲರೆದುರಿಗೆ ಆ ಗೆರೆಯನ್ನು ಹೊಡೆದುಹಾಕಿ, ‘ಕಾಗದವು ಏಕೆ ಅಲುಗಲಿಲ್ಲ?’ ಎಂಬುದನ್ನೇ ಆ ದಿನದ ಪಾಠವನ್ನಾಗಿ ಮಾಡಿಕೊಂಡೆವು. ಒಂದು ಕಬ್ಬಿಣದ ಬಾಣಲೆಯಲ್ಲಿ ಕೆಂಡವನ್ನು ತರಿಸಿ, ಉಣ್ಣೆಯ ಬಟ್ಟೆಯನ್ನೂ ಕಾಗದದ ಚೂರುಗಳನ್ನೂ ಅದರ ಕಾವಿನಲ್ಲಿ ಒಣಗಿಸಿ, ಬಾಚಣಿಗೆಯನ್ನು ಒಣಬಟ್ಟೆಯಿಂದ ಒರಸಿ, ಕೂಡಲೆ ಉಜ್ಜಿದಾಗ ಚೂರುಗಳು ಹಾರಿದುವು. ಮಳೆಗಾಲದ ತೇವದಿಂದ ವಸ್ತುಗಳ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆಯು ಕೂತಿರುವುದೆಂದೂ, ಉಜ್ಜಿದಾಗ ಕೂಡುವ ವಿದ್ಯುತ್ತು ಆ ಪೊರೆಯ ಮೂಲಕ ಜಾರಿಹೋಗುವುದೆಂದೂ ಎಲ್ಲರಿಗೂ ಮನವರಿಕೆಯಾಯಿತು. ಪ್ರಯೋಗವು ನೆಟ್ಟಗೆ ನಡೆದಿದ್ದರೆ ಈ ಸಂಗತಿಯನ್ನು ನಾವು ಅಂದು ಕಲಿಯುತ್ತಿರಲಿಲ್ಲ.

ಎರಡನೆಯ ಪ್ರಯೋಗ. ಒಂದು ಪ್ಲಾಸ್ಟಿಕ್ ಅಳತೆಪಟ್ಟಿಯ ಎರಡು ತುದಿಗಳನ್ನೂ ಉಣ್ಣೆಯಿಂದ ಉಜ್ಜಿ, ಅದು ಸಮವಾಗಿ ನಿಲ್ಲುವಂತೆ ನಡುವೆ ದಾರ ಕಟ್ಟಿ ತೂಗುಹಾಕಿರಿ. ಅಂಥದೇ ಇನ್ನೊಂದು ಪಟ್ಟಿಯನ್ನು ಉಜ್ಜಿ ಅದರ ತುದಿಯ ಹತ್ತಿರಕ್ಕೆ ತಂದರೆ, ತೂಗುವ ಪಟ್ಟಿಯು ದೂರ ಸರಿಯುವುದು. ಈಗ ಉಜ್ಜಿದ ಉಣ್ಣೆಯ ಬಟ್ಟೆಯನ್ನೇ ಹತ್ತಿರ ತಂದರೆ, ಪಟ್ಟಿಯು ಅದರ ಕಡೆಗೆ ತಿರುಗುವುದು. ಇದರಿಂದ ವಿದ್ಯುತ್ತು ಎರಡು ಬಗೆಯದೆಂದೂ, ಸಜಾತೀಯವಾದವು ಒಂದನ್ನೊಂದು ತಳ್ಳುವುವೆಂದೂ, ವಿಜಾತೀಯವಾದವು ಸೆಳೆಯುವುವೆಂದೂ ಸಿದ್ಧವಾಗುವುದು. 1733ರಲ್ಲಿ ಫ್ರಾನ್ಸಿನ ದು ಫೇ ಎಂಬವನು ಈ ಎರಡು ಬಗೆಗಳನ್ನು ಗುರುತಿಸಿದನು. ಅವುಗಳಿಗೆ ಧನ, ಋಣ ಎಂಬ ಹೆಸರುಗಳನ್ನು ರೂಢಿಗೆ ತಂದವನು ಅಮೇರಿಕೆಯ ಬೆಂಜಮಿನ್ ಫ್ರಾಂಕ್ಲಿನನು.

ಇದಕ್ಕೆ ಕಾರಣವು ಪರಮಾಣುಗಳ ರಚನೆಯಲ್ಲಿ ಅಡಗಿದೆ. ಪ್ರತಿಯೊಂದು ಪರಮಾಣುವಿನ ನಡುವೆ ಧನ ವಿದ್ಯುತ್ತುಳ್ಳ ಬೀಜವೂ, ಅದರ ಸುತ್ತಲೂ ಋಣ ವಿದ್ಯುತ್ತುಳ್ಳ ಅತಿ ಹಗುರವಾದ ಎಲೆಕ್ಟ್ರಾನುಗಳೂ ಇರುವುವು. ಈ ಎಲೆಕ್ಟ್ರಾನನ್ನು 1897ರಲ್ಲಿ ಜೆ. ಜೆ. ಥಾಮ್ಸನನು ಕಂಡುಹಿಡಿದನು. ಉಣ್ಣೆಯೂ ಪ್ಲಾಸ್ಟಿಕ್ಕೂ ಒತ್ತಾಗಿ ಉಜ್ಜಲ್ಪಟ್ಟಾಗ ಉಣ್ಣೆಯ ಕೆಲವು ಎಲೆಕ್ಟ್ರಾನುಗಳು ಪ್ಲಾಸ್ಟಿಕ್ಕಿಗೆ ದಾಟುವುವು. ಪ್ಲಾಸ್ಟಿಕ್ಕಿಗೆ ಬಂದುದೆಷ್ಟೋ ಉಣ್ಣೆಗೆ ಹೋದುದಷ್ಟೇ. ಉಜ್ಜುವಿಕೆಯಿಂದ ಹೊಸದಾಗಿ ಏನೂ ಹುಟ್ಟಲಿಲ್ಲ, ಇದ್ದುದು ಬೇರೆಯಾಯಿತು.

ಈಗ ಮೊದಲಿನ ಪ್ರಶ್ನೆಗೆ ಬರುವ. ಕಾಗದದ ಚೂರಿನಲ್ಲಿ ಧನವೂ ಋಣವೂ ಸಮನಾಗಿರುವುದು. ಋಣ ವಿದ್ಯುತ್ತುಳ್ಳ ಬಾಚಣಿಗೆಯು ಹತ್ತಿರ ಬಂದಾಗ ಚೂರಿನೊಳಗಿನ ಎಲೆಕ್ಟ್ರಾನುಗಳು ತುಸು ಹಿಂದಕ್ಕೆ ಸರಿದು, ಬಾಚಣಿಗೆಯ ಕಡೆಯ ಮಗ್ಗುಲಲ್ಲಿ ಧನ ವಿದ್ಯುತ್ತು ಮೇಲಾಗುವುದು. ಆಗ ಚೂರು ಸೆಳೆಯಲ್ಪಡುವುದು. ಅಂಟಿಕೊಂಡ ಮೇಲೆ ಬಾಚಣಿಗೆಯ ಋಣ ವಿದ್ಯುತ್ತು ಸ್ವಲ್ಪಸ್ವಲ್ಪವಾಗಿ ಚೂರಿಗೂ ಬರುವುದು. ಆಗ ಸಜಾತೀಯವಾಗಿ ಅದು ಚಿಮ್ಮಲ್ಪಡುವುದು. ಇದರಿಂದ ಒಂದು ಎಚ್ಚರಿಕೆಯನ್ನು ಕಲಿಯತಕ್ಕದ್ದು. ವಿದ್ಯುತ್ತಿಲ್ಲದ ವಸ್ತುವೂ ಸೆಳೆಯಲ್ಪಡುವುದರಿಂದ, ಒಂದು ವಸ್ತು ಸೆಳೆಯಲ್ಪಟ್ಟ ಮಾತ್ರಕ್ಕೆ ಅದರಲ್ಲಿ ವಿದ್ಯುತ್ತು ಇದೆಯೆಂದು ಹೇಳಲಾಗದು. ತಳ್ಳಲ್ಪಟ್ಟರೆ ಮಾತ್ರ ಇದೆಯೆಂದು ನಿಶ್ಚಯವಾಗಿ ಹೇಳಬಹುದು.

ಮೂರನೆಯ ಪ್ರಯೋಗ. ಚೆನ್ನಾಗಿ ಒಣಗಿದ ಗಾಜಿನ ಸೀಸೆಯ ಪ್ಲಾಸ್ಟಿಕ್ ಮುಚ್ಚಳಕ್ಕೆ ತೂತು ಮಾಡಿ, ಮೇಲ್ಪದರ ಕೆರೆದ ತಾಮ್ರದ ತಂತಿಯೊಂದನ್ನು ತೂರಿಸಿರಿ. ಒಳಗಿನ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ತೆಳುವಾದ ಅಲ್ಯೂಮಿನಿಯಂ ಹಾಳೆಯಿಂದ 4 ಸೆಂಟಿಮೀಟರ್ ಉದ್ದದ ಎರಡು ಕಿರಿದಾದ ಎಲೆಗಳನ್ನು ಕತ್ತರಿಸಿ ಅದಕ್ಕೆ ಜೊತೆಯಾಗಿ ತೂಗುಹಾಕಿರಿ. ಉಜ್ಜಿದ ಬಾಚಣಿಗೆಯನ್ನು ಹೊರಗಿನ ತುದಿಗೆ ಸವರಿದರೆ ಎಲೆಗಳೆರಡೂ ಸಜಾತೀಯ ವಿದ್ಯುತ್ತನ್ನು ಹೊಂದಿ ಅಗಲವಾಗಿ ನಿಲ್ಲುವುವು. ಇದಕ್ಕೆ ವಿದ್ಯುದ್ದರ್ಶಕವೆಂದು ಹೆಸರು. ಕೈಯಲ್ಲಿ ಹಿಡಿದ ಒಣ ರೇಷ್ಮೆಯ ದಾರವನ್ನು ತಂತಿಗೆ ತಗಲಿಸಿದರೆ ಎಲೆಗಳು ಹಾಗೆಯೇ ನಿಲ್ಲುವುವು. ನೀರಿನಲ್ಲಿ ನೆನೆಸಿದ ನೂಲನ್ನು ತಗಲಿಸಿದರೆ ಮುಚ್ಚಿಕೊಳ್ಳುವುವು. ಬೆರಳಿನಿಂದ ಮುಟ್ಟಿದರಂತೂ ಆ ಕ್ಷಣವೇ ಬಿದ್ದುಹೋಗುವುವು. ಮನುಷ್ಯನ ದೇಹವು ವಿದ್ಯುತ್ತಿನ ವಾಹಕ. ತನಗೆ ಬಂದುದನ್ನು ಅದು ಭೂಮಿಗೆ ಕಳುಹಿಸಿಬಿಡುವುದು.

ವಾಹಕ, ಅವಾಹಕ ಎಂಬ ಈ ಭೇದವನ್ನು ಲೋಕವು ಕಲಿತುದೂ ಒಂದು ಸೋಲಿನಿಂದಲೇ. 1729ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಗ್ರೇ ಎಂಬವನು ತನ್ನ ಮಿತ್ರನಾದ ವೀಲರನೊಡನೆ, ಉದ್ದವಾದ ಸೆಣಬಿನ ದಾರದ ಮೂಲಕ ವಿದ್ಯುತ್ತನ್ನು ದೂರಕ್ಕೆ ಸಾಗಿಸುತ್ತಿದ್ದನು. ಆ ದಾರವನ್ನು ತೆಳುವಾದ ರೇಷ್ಮೆಯೆಳೆಗಳ ಮೇಲೆ ಆನಿಸಿದ್ದರು. ರೇಷ್ಮೆಯು ತೆಳುವಾದುದರಿಂದಲೇ ವಿದ್ಯುತ್ತು ಸೋರಿಹೋಗುವುದಿಲ್ಲವೆಂದು ಅವರ ಊಹೆ. ಒಮ್ಮೆ ಭಾರಕ್ಕೆ ರೇಷ್ಮೆಯು ಹರಿಯಲು, ಅಷ್ಟೇ ತೆಳುವಾದ ಹಿತ್ತಾಳೆಯ ತಂತಿಯನ್ನು ಕಟ್ಟಿದರು. ಕೂಡಲೆ ಪ್ರಯೋಗವು ಕೆಟ್ಟಿತು. ವಿದ್ಯುತ್ತು ತುದಿಯನ್ನು ಮುಟ್ಟಲಿಲ್ಲ. ಗ್ರೇಯು ಅದನ್ನು ಮುಚ್ಚಿಡಲಿಲ್ಲ. ತೆಳುವೋ ದಪ್ಪವೋ ಎಂಬುದು ಮುಖ್ಯವಲ್ಲ, ರೇಷ್ಮೆಯೋ ಲೋಹವೋ ಎಂಬುದೇ ಮುಖ್ಯವೆಂದು ಅದರಿಂದಲೇ ಅರಿತುಕೊಂಡನು.

ಇನ್ನು ಮಿಂಚಿನ ವಿಷಯ. ಒಣಗಾಳಿಯಲ್ಲಿ ಒಂದು ಸೆಂಟಿಮೀಟರ್ ಉದ್ದದ ಕಿಡಿ ಹಾರಬೇಕಾದರೆ ಸುಮಾರು 30,000 ವೋಲ್ಟು ಬೇಕು. ಬಾಚಣಿಗೆಯಲ್ಲಿ ಕೂಡುವ ವಿದ್ಯುತ್ತಿನ ಮೊತ್ತವು ಅತ್ಯಲ್ಪವಾದುದರಿಂದ ಅದರ ಕಿಡಿಯಿಂದ ಹಾನಿಯಿಲ್ಲ. ಮೋಡಗಳಲ್ಲಿ ಹಿಮದ ಕಣಗಳು ಒಂದಕ್ಕೊಂದು ತಾಗಿ ಬೇರ್ಪಡುವ ವಿದ್ಯುತ್ತಾದರೋ ಅಪಾರವಾದುದು. ಸಿಡಿಲಿನ ಪ್ರವಾಹವು ಸಾಮಾನ್ಯವಾಗಿ 30,000 ಆಂಪಿಯರುಗಳಷ್ಟಿರುವುದು. 1752ರಲ್ಲಿ ಫ್ರಾಂಕ್ಲಿನನು ಗಾಳಿಪಟದಿಂದ ಮೋಡದ ವಿದ್ಯುತ್ತನ್ನು ಪರೀಕ್ಷಿಸಿದನೆಂದು ಮಕ್ಕಳೆಲ್ಲರೂ ಓದುವರು. ಮಾರನೆಯ ವರ್ಷವೇ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗುಡುಗಿನ ಮೋಡದ ವಿದ್ಯುತ್ತನ್ನು ಅಳೆಯಹೊರಟ ರಿಕ್‌ಮನ್ ಎಂಬ ವಿದ್ವಾಂಸನು ಸಿಡಿಲಿನಿಂದ ಸತ್ತನೆಂಬುದನ್ನೂ ಅವರಿಗೆ ಹೇಳಿಕೊಡತಕ್ಕದ್ದು. ಕೈಯಿಂದ ಮಾಡಿ ನೋಡಬಾರದ ಪ್ರಯೋಗಗಳೂ ಉಂಟು.

ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ನಾಡಿನಲ್ಲಿ ಸಿಡಿಲಿನ ಮಳೆ ಹೆಚ್ಚು. ಮಿಂಚು ಕಂಡ ಮೇಲೆ ಗುಡುಗು ಕೇಳುವ ವರೆಗೆ ಎಣಿಸಿದರೆ, ಮೂರು ಸೆಕೆಂಡುಗಳಿಗೆ ಒಂದು ಕಿಲೋಮೀಟರ್ ದೂರವೆಂದು ಲೆಕ್ಕ. ಎಣಿಕೆಯು 30 ಸೆಕೆಂಡಿಗಿಂತ ಕಡಿಮೆಯಾದರೆ ಗದ್ದೆ, ಬಯಲು, ಮರದಡಿಗಳನ್ನು ಬಿಟ್ಟು ಭದ್ರವಾದ ಕಟ್ಟಡದೊಳಗೆ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವ ವರೆಗೆ ಹೊರಡಬಾರದು.

ಇನ್ನೂ ಒಂದು ಮಾತು ಅತ್ಯವಶ್ಯವಾದುದು. ಸಿಡಿಲು ಬಡಿದವರನ್ನು ಮುಟ್ಟಿದರೆ ತಮಗೂ ತಗಲೀತೆಂದು ಹೆದರಿ ಜನರು ದೂರ ನಿಲ್ಲುವುದುಂಟು. ಬೆರಳು ಮುಟ್ಟಿದೊಡನೆ ಎಲೆಗಳು ಬಿದ್ದುದನ್ನು ಕಂಡವರಿಗೆ ಈ ಭಯವು ಇರಲಾರದು. ದೇಹವು ವಾಹಕವಾದುದರಿಂದ ಸಿಡಿಲಿನ ವಿದ್ಯುತ್ತು ಅದರಲ್ಲಿ ನಿಲ್ಲದೆ ಆ ಕ್ಷಣದಲ್ಲಿಯೇ ಭೂಮಿಗೆ ಸೇರಿಹೋಗಿರುವುದು. ಅಂಥವರನ್ನು ನಿರ್ಭಯವಾಗಿ ಮುಟ್ಟಬಹುದು, ಮುಟ್ಟಲೇಬೇಕು. ಉಸಿರೂ ನಾಡಿಯೂ ನಿಂತಂತೆ ಕಂಡರೆ ತಡಮಾಡದೆ ಎದೆಯನ್ನು ಒತ್ತತೊಡಗಿ, ಬೇರೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು. ಮನೆಯ ವಿದ್ಯುತ್ ತಂತಿಯ ಸಂಗತಿ ಬೇರೆ. ಅಲ್ಲಿ ಪ್ರವಾಹವು ಇನ್ನೂ ಹರಿಯುತ್ತಿರುವುದರಿಂದ ಅದನ್ನು ಮೊದಲು ನಿಲ್ಲಿಸಿದ ಹೊರತು ಮುಟ್ಟಬಾರದು.

ತಾಯಿತಂದೆಗಳಲ್ಲಿಯೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮದೊಂದು ಬಿನ್ನಹ. ಚಳಿಗಾಲದ ಒಂದು ಒಣ ಮಧ್ಯಾಹ್ನ ಮಕ್ಕಳನ್ನು ಕೂರಿಸಿಕೊಂಡು ಈ ಪ್ರಯೋಗಗಳನ್ನು ಮಾಡಿಸಿರಿ. ಮಳೆಗಾಲದಲ್ಲಿ ಇನ್ನೊಮ್ಮೆ ಮಾಡಿಸಿರಿ. ಎರಡು ಸಲವೂ ಕಂಡುದನ್ನು ಕಂಡಂತೆ ಬರೆಯಹೇಳಿರಿ. ಮಗುವು ‘ಆಗಲಿಲ್ಲ’ ಎಂದು ಬರೆದು ತಂದರೆ ಗದರಿಸದೆ, ಏಕೆ ಆಗಲಿಲ್ಲವೆಂದು ಅದರೊಡನೆ ಕೂತು ಹುಡುಕಿರಿ. ಕೆಂಪು ಗೆರೆಯನ್ನು ಹೊಡೆದುಹಾಕಿದ ಆ ಪುಟವನ್ನು ನಾವು ಇಂದಿಗೂ ಮರೆತಿಲ್ಲ.